ಬೀಡಿ ಕಟ್ಟಲು ಜಾಗ ಕೇಳಿದ ಲೀಲಕ್ಕ

ಲೀಲಕ್ಕನ ಕೈಗೆ ಒಂದು ಚೂರು ಕಾಗದ ಸಿಕ್ಕರೆ ಮುಗಿಯಿತು, ಅದು ಬೀಡಿಯಾಗುತ್ತಿತ್ತು. ರಿಕ್ಷಾದಲ್ಲಿ ಕೂತರೆ ಮೆಡಿಕಲ್ ಅಂಗಡಿಯ ಬಿಲ್ಲು, ಭಜನೆಯಲ್ಲಿ ಕೂತರೆ ಪ್ರಸಾದದ ಪೊಟ್ಟಣ, ಮದುವೆಮನೆಯಲ್ಲಿ ಆಮಂತ್ರಣ ಪತ್ರಿಕೆಯ ಅಂಚು. ಕಣ್ಣು ಎದುರಿನವರ ಮುಖದ ಮೇಲಿದ್ದಾಗಲೇ ಬೆರಳುಗಳು ಅದನ್ನು ಸುರುಳಿ ಸುತ್ತಿ, ತುದಿಯನ್ನು ಒಳಗೆ ಮಡಚಿ ಮುಗಿಸಿರುತ್ತಿದ್ದವು. ಅವರು ಎದ್ದುಹೋದ ಜಾಗದಲ್ಲಿ ನಾಲ್ಕೈದು ಕಾಗದದ ಬೀಡಿ ಬಿದ್ದಿರುತ್ತಿದ್ದವು. ಸೊಸೈಟಿಯ ಕಸ ಗುಡಿಸುವ ಹೆಂಗಸು ಅದನ್ನು ನೋಡಿಯೇ "ಆಜೀ ಇಥೇ ಬಸಲ್ಯಾ ಹೋತ್ಯಾ", ಅಜ್ಜಿ ಇಲ್ಲಿ ಕೂತಿದ್ದರು, ಎಂದು ಮರಾಠಿಯಲ್ಲಿ ಹೇಳಿ ನಗುತ್ತಿದ್ದಳು.

ಅವರು ಬಂಟ್ವಾಳದ ಕಡೆಯವರು. ಗಂಡ ಮುಂಬಯಿಯ ಹೋಟೆಲುಗಳಲ್ಲಿ ಬಡಿಸುತ್ತ ಬಡಿಸುತ್ತಲೇ ತೀರಿಕೊಂಡರು. ಊರಿನಲ್ಲಿ ಲೀಲಕ್ಕ ಬೀಡಿ ಕಟ್ಟಿ ಮೂರು ಮಕ್ಕಳನ್ನು ದಡ ಮುಟ್ಟಿಸಿದರು. ಕೊನೆಯ ಮಗನಿಗೆ ಮುಂಬಯಿ ಪಕ್ಕದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದ ಕಂಪನಿಯೊಂದರಲ್ಲಿ ಕೆಲಸವಾದ ಮೇಲೆ ಅವನ ಸಂಸಾರದೊಂದಿಗೆ ನಮ್ಮ ಕಟ್ಟಡದ ಗ್ರೌಂಡ್ ಫ್ಲೋರಿಗೆ ಬಂದರು. ಬೀಡಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೀಡಿ ಬ್ರಾಂಚಿನಲ್ಲಿ ಮಾಲು ನೋಡುವ ಚೆಕ್ಕರನ ಭಾಷೆ ಮಾತ್ರ ನಾಲಗೆಯಿಂದ ಇಳಿದಿರಲಿಲ್ಲ. ನಾನು ಮಾಡಿದ ನೀರುದೋಸೆ ಪಾಸ್. ಸ್ಟೇಷನ್ನಿನ ಚಹಾ ರಿಜೆಕ್ಟ್. ಮೂರನೇ ಮಹಡಿಯವರ ಮಗಳನ್ನು ನೋಡಲು ಬಂದ ಹುಡುಗನನ್ನು ಮೆಟ್ಟಿಲ ಬಳಿಯೇ ಅಳೆದುಬಿಟ್ಟಿದ್ದರು: "ಮೇಲಿನ ಎಲೆ ಒಳ್ಳೆದುಂಟು ಮಾರಾಯ್ತಿ, ಒಳಗೆ ಎಂತದೂ ಇಲ್ಲ. ರಿಜೆಕ್ಟ್." ಆ ಸಂಬಂಧ ಮುರಿದುಬಿದ್ದಾಗ ಕಟ್ಟಡದಲ್ಲಿ ಅವರ ಬೆಲೆ ಇನ್ನಷ್ಟು ಏರಿತು.

ನಮ್ಮ ಪಾರ್ಕಿನ ವಿಷಯ ಇಲ್ಲಿ ಹೇಳಬೇಕು. ರೆಸಿಡೆನ್ಶಿಯಲ್ ಝೋನಿನ ಕನ್ನಡದ ಮನೆಯವರೆಲ್ಲ ಸೇರಿ ವರ್ಷಕ್ಕೆ ಮೂರು ಸಲ, ಮಳೆಗಾಲದ ಆಟಿ ತಿಂಗಳಲ್ಲಿ, ದೀಪಾವಳಿಯ ಆಸುಪಾಸಿನಲ್ಲಿ, ಜನವರಿಯ ಚಳಿಯಲ್ಲಿ, ಒಂದೊಂದು ಭಾನುವಾರ ಅಲ್ಲಿ ಹಳೆಯ ಬದುಕನ್ನು ಮಾಡಿ ತೋರಿಸುತ್ತೇವೆ. ಒಬ್ಬರು ತೆಂಗಿನ ಮಡಲು ಹೆಣೆಯುತ್ತಾರೆ, ಒಬ್ಬರು ಪತ್ರೊಡೆ ಸುತ್ತುತ್ತಾರೆ, ಹುಬ್ಬಳ್ಳಿ ಕಡೆಯ ಪಾರ್ವತಿಬಾಯಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳು ಸುತ್ತ ನಿಂತು ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಾರೆ. ಯಾರು ಎಲ್ಲಿ ಕೂರಬೇಕು, ಏನು ಮಾಡಬೇಕು ಎಂದು ಪಟ್ಟಿ ಬರೆಯುವವಳು ನಾನು. ನನ್ನ ಪಟ್ಟಿಯ ಮೇಲೆ ನನಗೆ ಬಹಳ ಅಭಿಮಾನವಿತ್ತು.

ಒಂದು ಆಟಿಯ ಪಟ್ಟಿ ಬರೆಯುತ್ತಿದ್ದಾಗ ಲೀಲಕ್ಕ ಮನೆಗೆ ಬಂದರು.

"ಸುಜಾತ, ನನಗೂ ಒಂದು ಜಾಗ ಕೊಡು. ನಾನು ಬೀಡಿ ಕಟ್ತೇನೆ."

ನಾನು ನಕ್ಕೆ. ಅವರು ನಗಲಿಲ್ಲ.

"ತಮಾಷೆ ಅಲ್ಲ. ನಮ್ಮ ಮೊಮ್ಮಗಳು ಅನ್ವಿಗೆ ನನ್ನ ಮಾತು ಅರ್ಥ ಆಗುದಿಲ್ಲ, ಅವಳ ಹಿಂದಿ ನನಗೆ ಪೂರ್ತಿ ಬರುದಿಲ್ಲ. ಅವಳ ಅಪ್ಪನನ್ನು ನಾನು ಎಂತ ಮಾಡಿ ದೊಡ್ಡ ಮಾಡಿದ್ದು ಅಂತ ಹೇಳುದು ಹೇಗೆ? ಕೈಯಲ್ಲಿ ಮಾಡಿ ತೋರಿಸಿದ್ರೆ ಗೊತ್ತಾಗ್ತದೆ."

ಮಕ್ಕಳ ಪಾರ್ಕು, ಹೊಗೆಸೊಪ್ಪು ತರಲಾಗದು, ಯಾರಾದರೂ ಕಂಪ್ಲೇಂಟ್ ಮಾಡುತ್ತಾರೆ ಎಂದೆ. ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಿತ್ತು.

"ಹೊಗೆಸೊಪ್ಪು ಯಾರಿಗೆ ಬೇಕು? ರವೆ ತುಂಬಿಸಿ ಕಟ್ತೇನೆ. ಎಲೆ ಊರಿಂದ ತರಿಸುವ. ಮೊರ, ಕತ್ತರಿ, ನೂಲು ನನ್ನ ಹತ್ರವೇ ಉಂಟು."

ರವೆಗೆ ನಾನು ಏನು ಆಕ್ಷೇಪ ಎತ್ತಲಿ? ಕೊನೆಗೆ, "ಲೀಲಕ್ಕ, ನಾವು ತೋರಿಸುವುದು ಸಂಸ್ಕೃತಿ. ಬೀಡಿ ಅದರಲ್ಲಿ ಬರುವುದಿಲ್ಲ" ಎಂದುಬಿಟ್ಟೆ. ಅವರು "ಹಾಗಾ" ಎಂದರು.

ನಿಜವಾದ ಕಾರಣ ಬೇರೆ ಇತ್ತು. ನನ್ನ ಅಮ್ಮನೂ ಬೀಡಿ ಕಟ್ಟಿಯೇ ನನ್ನನ್ನು ಓದಿಸಿದವಳು. ಶಾಲೆಯಿಂದ ಬಂದ ಮೇಲೆ ಅವಳ ಪಕ್ಕ ಕೂತು ನಾನೂ ಕಟ್ಟಿದ್ದೇನೆ. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಗದ್ದೆ, ತೋಟ, ಆಳುಕಾಳು ಎಂದು ಬಾಯಿಗೆ ಬಂದ ಊರೊಂದನ್ನು ಕಟ್ಟಿ ಹೇಳಿ ಅದರಲ್ಲೇ ಇಪ್ಪತ್ತು ವರ್ಷ ಕಳೆದಿದ್ದೆ. ಪಾರ್ಕಿನ ನಡುವೆ ಮೊರದ ಮುಂದೆ ಲೀಲಕ್ಕ ಕೂತರೆ, ನೋಡುವವರಿಗೆಲ್ಲ ನನ್ನ ಅಮ್ಮನೇ ಕಾಣಿಸುತ್ತಾಳೇನೋ ಎಂದು ಹೆದರಿದೆ. ನಾಚಿಕೆಗೇಡಿನ ಹೆದರಿಕೆ ಅದು.

ಲೀಲಕ್ಕನಿಗೆ ಬೇಸರವಾಗಬಾರದೆಂದು ಒನಕೆ ಕೊಟ್ಟೆ. ನನ್ನದೇ ರೇಷ್ಮೆ ಸೀರೆ ಉಡಿಸಿ, ಸೊಂಟಕ್ಕೆ ಡಾಬು ಕಟ್ಟಿ, ಮುಡಿ ತುಂಬ ಮಲ್ಲಿಗೆ ಮುಡಿಸಿ ಭತ್ತದ ಮುಂದೆ ನಿಲ್ಲಿಸಿದೆ. ಜಿಟಿಜಿಟಿ ಮಳೆಯಲ್ಲಿ ಪಾರ್ಕಿನ ಮಾಡಿನ ಕೆಳಗೆ ಅವರು ಕುಟ್ಟಿದರು. ಎಲ್ಲರೂ ಫೋಟೋ ತೆಗೆದರು. ನಮ್ಮ ವಾಟ್ಸಾಪ್ ಗ್ರೂಪಿಗೆ ಆ ಫೋಟೋ ಹಾಕಿ, 'ಹಿಂದಿನ ಕಾಲದ ಮನೆಯೊಡತಿ' ಎಂದು ಬರೆದದ್ದೂ ನಾನೇ.

ಹನ್ನೊಂದು ವರ್ಷದ ಅನ್ವಿ ಅಜ್ಜಿಯನ್ನು ನೋಡಿ ಹಿರಿಹಿರಿ ಹಿಗ್ಗಿದಳು. "ಅಜ್ಜೀ, ಆಪ್ ಲೋಗ್ ಇತ್ನೇ ರಿಚ್ ಥೇ?" ನೀವು ಇಷ್ಟು ಶ್ರೀಮಂತರಾಗಿದ್ದಿರಾ ಎಂದು ಕೇಳಿದಳು.

ಲೀಲಕ್ಕ ಒನಕೆ ನಿಲ್ಲಿಸಿದರು. ಅಷ್ಟು ಹಿಂದಿ ಅವರಿಗೆ ಬರುತ್ತಿತ್ತು. "ನಹೀಂ ಬೇಟಾ," ಎಂದು ಶುರುಮಾಡಿ, ಮುಂದಿನ ಪದ ಸಿಗದೆ ನನ್ನ ಕಡೆ ನೋಡಿದರು. ಹೇಳಿಕೊಡಬಹುದಿತ್ತು. ನಾನು ಪಾರ್ವತಿಬಾಯಿಗೆ ಮೈಕು ಕೊಡಲು ಹೋದೆ. ಸಂಜೆ ಸೀರೆ ಮಡಚಿ ಕೊಡುವಾಗ ಲೀಲಕ್ಕ ಒಂದೇ ಮಾತು ಹೇಳಿದರು: "ಒನಕೆ ನಾನು ಹಿಡಿದದ್ದು ಬೇರೆಯವರ ಅಂಗಳದಲ್ಲಿ ಮಾರಾಯ್ತಿ. ಆಗ ಇಂಥ ಸೀರೆ ಇರಲಿಲ್ಲ."

ಆ ದೀಪಾವಳಿಗೆ ಮುಂಚೆಯೇ ಮಗನಿಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಬೇರೆ ಕೆಲಸ ಸಿಕ್ಕಿ ಅವರು ಮನೆ ಬದಲಿಸಿದರು. ಡಿಸೆಂಬರಿನಲ್ಲಿ ಲೀಲಕ್ಕನಿಗೆ ಪಾರ್ಶ್ವವಾಯು ಬಡಿದ ಸುದ್ದಿ ಬಂತು. ನಾನು ನೋಡಲು ಹೋದೆ.

ಬಲಗೈ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾತು ತೊದಲುತ್ತಿದ್ದರೂ ತಿಳಿಯುವ ಹಾಗಿತ್ತು. ಸೊಸೆ ಚಹಾ ತಂದಿಟ್ಟು ಬಾಗಿಲ ಬಳಿಯೇ ನಿಂತಳು. ಅನ್ವಿ ಮಂಚದ ತುದಿಯಲ್ಲಿ ಕೂತಿದ್ದಳು. ಲೀಲಕ್ಕ ಎಡಗೈಯಿಂದ ಮಂಚದ ಕೆಳಗೆ ತೋರಿಸಿದರು. ಎಳೆದು ನೋಡಿದರೆ ಮೊರ, ಅದರೊಳಗೆ ಕತ್ತರಿ, ನೂಲು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯ ಕಟ್ಟು. ಊರಿಂದ ತರಿಸಿಯೇಬಿಟ್ಟಿದ್ದರು.

"ನೀನು ಕಟ್ಟು ಸುಜಾತ. ಇವಳಿಗೆ ತೋರಿಸು. ಒಂದೇ ಒಂದು."

"ನಾನಾ?"

"ನಿನಗೆ ಬರ್ತದೆ. ನೀನು ಹೂ ಕಟ್ಟುವಾಗ ನೂಲು ಸುತ್ತುದು ನೋಡಿದ ದಿನವೇ ನನಗೆ ಗೊತ್ತಾಗಿತ್ತು. ನಾನು ಯಾರಿಗೂ ಹೇಳಲಿಲ್ಲ."

ಬಾಗಿಲಲ್ಲಿ ಸೊಸೆ ಕೇಳಿಸಿಕೊಳ್ಳುತ್ತಿದ್ದಳು. ಅವಳು ಈಗಲೂ ನಮ್ಮ ಗ್ರೂಪಿನಲ್ಲಿದ್ದಳು.

"ಇಲ್ಲ ಲೀಲಕ್ಕ, ನನಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಕಟ್ಟುತ್ತಿರಲಿಲ್ಲ" ಎಂದೆ.

ಲೀಲಕ್ಕ, ನನ್ನನ್ನು ಕಾಪಾಡುವುದೂ ತಮ್ಮದೇ ಕೆಲಸ ಎಂಬಂತೆ, ಸೊಸೆಗೂ ಕೇಳುವ ಹಾಗೆ ಹೇಳಿದರು: "ಹೌದಾ. ನನಗೆ ತಲೆ ಸರಿ ಇಲ್ಲ ಈಗ. ಯಾರನ್ನೋ ಯಾರೋ ಅಂತ ಮಾಡ್ತೇನೆ."

ಜನವರಿಯ ಕಾರ್ಯಕ್ರಮಕ್ಕೆ ಮುಂಚೆಯೇ ಅವರು ತೀರಿಕೊಂಡರು. ಅವರನ್ನು ನೋಡಲು ಹೋಗಿದ್ದ ಆ ದಿನ, ನಾನು ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅನ್ವಿ ಹೊರಗಿನವರೆಗೂ ಬಂದಿದ್ದಳು. "ಆಂಟೀ, ಅಜ್ಜಿ ಕ್ಯಾ ದಿಖಾನೇ ಕೋ ಬೋಲ್ ರಹೀ ಥೀ?" ಅಜ್ಜಿ ಏನು ತೋರಿಸಲು ಹೇಳುತ್ತಿದ್ದರು ಎಂದು ಕೇಳಿದಳು.

"ಕುಛ್ ನಹೀಂ ಬೇಟಾ" ಎಂದೆ.