ವೆಂಡೆಲ್ ಅಚ್ಚಿಗೆ ಹಾಕದ ತೋಟೆ
ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟೆ, ಅದನ್ನು ಹಾರಿಸಿದ ಬಂದೂಕಿನ ಒಳಮೈಗೆ ತಕ್ಕಂತೆ ಉಬ್ಬಿರುತ್ತದೆ. ಮತ್ತೆ ಮದ್ದುಗುಂಡು ತುಂಬಲು ಅದನ್ನು ಅಚ್ಚಿಗೆ ಒತ್ತಿ ಕುಗ್ಗಿಸುವಾಗ ಯಾರ ತೋಟೆಯಾದರೂ ಅಚ್ಚಿನಲ್ಲಿ ಸಿಕ್ಕಿಕೊಂಡರೆ ಸಾಕು, ನಮ್ಮ ಮೊಂಟಾನಾದ ವೆಂಡೆಲ್‌ಗೆ ಹಬ್ಬವೋ ಹಬ್ಬ! ತಿನ್ನುತ್ತಿದ್ದ ಜಿಂಕೆಮಾಂಸ ಬಿಟ್ಟು, ಅದನ್ನು ಬಿಡಿಸಲು ತನ್ನ ಗ್ಯಾರೇಜಿಗೆ ಓಡುತ್ತಾನೆ. "ಎಣ್ಣೆ ಸವರೋಕೂ ಜಿಪುಣತನಾನೇನೋ, ಮಾರಾಯ?" ಎಂದು ನನ್ನನ್ನು ಬೈಯುತ್ತಾನೆ. ಪಕ್ಕದ ಮನೆಯ ಕರ್ಟ್ ತಂದ ತೋಟೆಯ ಹೆಗಲಲ್ಲಿ, ಅಂದರೆ ಕತ್ತಿನ ಬುಡದಲ್ಲಿ, ಎಣ್ಣೆ ಹೆಚ್ಚಾದರೆ ಬೀಳುವ ತಗ್ಗು ಕಂಡರಂತೂ, "ನೋಡ್ರೋ, ಇವ್ನು ಎಣ್ಣೆಸ್ನಾನಾನೇ ಮಾಡ್ಸಿದಾನೆ!" ಎಂದು ಕುಣಿದಾಡುತ್ತಾನೆ. ಉಬ್ಬಿದ ತೋಟೆ ಕಂಡರೆ ಕೈ ತುರಿಸುವ ಈ ಮನುಷ್ಯ ಕಿಟಕಿಯಲ್ಲಿರುವ ಒಂದನ್ನು ಮಾತ್ರ ಅಚ್ಚಿಗೆ ಹಾಕಿಲ್ಲ. ಮೊನ್ನೆ ನಾನು ಕೈಚಾಚಿದ್ದೇ ತಡ, "ಮುಟ್ಬೇಡ!" ಎಂದು ಗದರಿದ. "ನನ್ನ ಹೆಂಡ್ತಿ ಕೊನೇ ಸಲ ಹಾರ್ಸಿದ್ದು. ಬಂದೂಕು ಅವಳ ಜೊತೇಲೇ ಮಣ್ಣಿಗೆ ಹೋಯ್ತು. ಅದರ ಅಳತೆ ಉಳಿದಿರೋದು ಇದೊಂದ್ರಲ್ಲೇ ಕಣೋ."