ವಾಲೆಟ್ ಜೋಡಿಸಿದ ವಾರ

ಆಸ್ಪತ್ರೆಯಿಂದ ಬಂದಮೇಲೆ ಆಫೀಸಿಗೆ ಹೋದ ಮೊದಲ ದಿನ ಯಾರೂ ನನ್ನ ಹೊಟ್ಟೆಯ ಕಡೆ ನೋಡಲಿಲ್ಲ. ನೋಡಬಾರದೆಂದು ಮೊದಲೇ ಮಾತಾಡಿಕೊಂಡಿದ್ದರೇನೋ. ಆರನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಹೆಣ್ಣು. ನೋಡ್ತೀರಾ ಎಂದು ನರ್ಸ್ ಕೇಳಿದಾಗ ನಾನು ನೋಡಿದೆ. ನನ್ನ ಗಂಡ ಗೋಡೆಯ ಕಡೆ ತಿರುಗಿ ನಿಂತ. ಆಮೇಲೆ ಕೋಣನಕುಂಟೆಯ ನಮ್ಮ ಮನೆಯಲ್ಲಿ ಹಾಲು ತಂದ್ಯಾ, ಗ್ಯಾಸ್ ಬುಕ್ ಮಾಡಿದ್ಯಾ ಎನ್ನುವಷ್ಟೇ ಮಾತು ಉಳಿಯಿತು.

ಜಯನಗರದ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿತ್ತು ನಮ್ಮ ಆಫೀಸು. ಮೊಬೈಲ್ ಆ್ಯಪ್ ಮಾಡಿಕೊಡುವ ಪುಟ್ಟ ಕಂಪನಿ. ಕಲಾವಿದರು ಬಿಡಿಸಿದ ಡಿಜಿಟಲ್ ಚಿತ್ರಗಳನ್ನು ಬ್ಲಾಕ್‌ಚೈನ್ ಎಂಬ ಆನ್‌ಲೈನ್ ಲೆಕ್ಕದ ವ್ಯವಸ್ಥೆಯ ಮೂಲಕ ಕೊಳ್ಳುವ ಆ್ಯಪ್ ಒಂದು ನನ್ನ ಕೈಯಲ್ಲಿತ್ತು. ಕೊಳ್ಳುವವರ ಡಿಜಿಟಲ್ ಹಣ ಅವರ ಫೋನಿನಲ್ಲೇ ವಾಲೆಟ್ ಎಂಬ ಬೇರೊಂದು ಆ್ಯಪ್‌ನಲ್ಲಿರುತ್ತದೆ. ನಮ್ಮಲ್ಲಿ ‘ಕನೆಕ್ಟ್’ ಒತ್ತಿದರೆ ಆ ವಾಲೆಟ್ ತೆರೆಯಬೇಕು, ಅಲ್ಲಿ ಒಪ್ಪಿಗೆ ಕೊಟ್ಟರೆ ನಮ್ಮ ಆ್ಯಪ್‌ಗೆ ಮರಳಬೇಕು. ಇದಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಅಂದರೆ ಲೈಬ್ರರಿ, ಸಿಗುತ್ತದೆ. ಅದನ್ನು ನಮ್ಮ ಕೋಡಿನೊಳಗೆ ಕೂರಿಸುವುದೇ ಕಷ್ಟ. ಆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಆಸ್ಪತ್ರೆ ಸೇರಿದ್ದೆ.

ಈ ಕೆಲಸದಲ್ಲಿ ನನ್ನ ಜೊತೆಗಿದ್ದವಳು ಬಾಗಲಕೋಟೆ ಕಡೆಯ ಹುಡುಗಿ. ಬಿಟಿಎಂ ಬಡಾವಣೆಯಲ್ಲಿ ಗೆಳತಿಯರೊಡನೆ ಬಾಡಿಗೆ ಮನೆಯಲ್ಲಿದ್ದಳು. ಕುರ್ಚಿ ಎಳೆದುಕೊಂಡು ಕೂತವಳು, “ಅಕ್ಕಾ, ನಿಮಗ ಏನ್ ಹೇಳ್ಬೇಕೋ ನನಗ ತಿಳೀವಲ್ದ್ರೀ,” ಅಂದಳು.

“ಏನೂ ಹೇಳ್ಬೇಡ. ಕೋಡ್ ತೋರ್ಸು.”

ಲೈಬ್ರರಿ ಹಾಕಿದ ಕೂಡಲೇ ಆ್ಯಪ್ ತೆರೆದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಆ ಲೈಬ್ರರಿಯ ಒಂದು ಸಾಲು ಮಿಕ್ಕೆಲ್ಲಕ್ಕಿಂತ ಮೊದಲು ಬರಬೇಕಿತ್ತು, ಅವಳು ಕೆಳಗೆ ಬರೆದಿದ್ದಳು. ಮೇಲಕ್ಕೆ ತಂದೆವು, ಆ್ಯಪ್ ಮುಚ್ಚದೆ ನಿಂತಿತು. ಈಗ ವಾಲೆಟ್ ತೆರೆಯಿತು, ಆದರೆ ಒಪ್ಪಿಗೆ ಕೊಟ್ಟಮೇಲೆ ಅಲ್ಲೇ ಉಳಿಯಿತು. ನಮ್ಮ ಆ್ಯಪ್‌ನ ವಿಳಾಸವನ್ನೇ ನಾವು ಅದಕ್ಕೆ ಕೊಟ್ಟಿರಲಿಲ್ಲ. ಎರಡು ದಿನ ಇದರಲ್ಲೇ ಕಳೆಯಿತು. ನನಗೆ ಬೇಕಿದ್ದದ್ದೂ ಅದೇ. ಕೋಡ್ ನೋಡುತ್ತಿರುವಷ್ಟು ಹೊತ್ತು ಎದೆಗೆ ಬಟ್ಟೆ ಬಿಗಿದು ಹಾಲು ನಿಲ್ಲಿಸಿಕೊಂಡದ್ದು ಮರೆತಿರುತ್ತಿತ್ತು.

ಆಫೀಸಿನ ಟೆಸ್ಟಿಂಗ್ ಫೋನು ಕೆಟ್ಟಿದ್ದರಿಂದ ನನ್ನ ಫೋನಿನಲ್ಲೇ ಎಲ್ಲ ಹಾಕಿದ್ದೆವು. ಸೋಮವಾರ ಬೆಳಿಗ್ಗೆ ಅದು ಅವಳ ಕೈಯಲ್ಲಿತ್ತು. ಕನೆಕ್ಟ್ ಒತ್ತಿದಳು. ವಾಲೆಟ್ ತೆರೆಯಿತು, ಒಪ್ಪಿಗೆ ಕೊಟ್ಟಳು, ನಮ್ಮ ಆ್ಯಪ್ ತಾನಾಗಿ ಮುಂದೆ ಬಂತು. “ಬಂತ್ರೀ ಅಕ್ಕಾ!” ಎಂದು ಕೂಗಿದವಳು ತಟ್ಟನೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ನಾನು ತೆಗೆದು ನೋಡಿದೆ. ಬಸುರಿಯರ ಆ್ಯಪ್‌ನ ಸಂದೇಶ ಪರದೆಯ ಮೇಲೆ ಇಳಿದಿತ್ತು. ಈ ವಾರ ನಿಮ್ಮ ಮಗು ಪರಂಗಿ ಹಣ್ಣಿನಷ್ಟಾಗಿದೆ, ನಿಮ್ಮ ದನಿ ಅದಕ್ಕೆ ಕೇಳಿಸುತ್ತದೆ, ಮಾತಾಡಿಸಿ. ನಾನು ಬಸುರಿಯಾದಾಗಿನಿಂದ ಅತ್ತೆ ಪರಂಗಿ ಹಣ್ಣನ್ನು ಮನೆಯೊಳಗೇ ತರಗೊಡುತ್ತಿರಲಿಲ್ಲ.

“ತಗದ್ ಬಿಡ್ಲೇನ್ರೀ?” ಅಂದಳು.

“ಬೇಡ. ಇರ್ಲಿ.”

ಅವಳೇ ಅತ್ತಳು, ನಾನು ಅವಳ ಬೆನ್ನು ಸವರಿದೆ. ಆಮೇಲೆ ಇಬ್ಬರೂ ಇನ್ನೊಂದು ವಾಲೆಟ್ ಹಾಕಿ ಟೆಸ್ಟ್ ಮಾಡಿದೆವು. ಅದೂ ಕೆಲಸ ಮಾಡಿತು.

ಸಂಜೆ ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ. ಫೋನನ್ನು ಅವನ ಮುಂದೆ ಹಿಡಿದೆ. ಕಣ್ಣು ಹಾಯಿಸಿ, “ನಂಗೂ ಬಂತು,” ಅಂದ. ನಾನು ಬಸುರಿಯೆಂದು ತಿಳಿದ ವಾರ ಇಬ್ಬರೂ ಒಟ್ಟಿಗೇ ಆ ಆ್ಯಪ್ ಹಾಕಿಕೊಂಡಿದ್ದೆವು.

“ತೆಗ್ದಿಲ್ವಾ ನೀನು?”

“ಹೆಂಗೆ ತೆಗೀಲಿ?” ಚಾಕು ಕೆಳಗಿಟ್ಟ. “ಪ್ರತಿ ಸೋಮವಾರ ಗಾಡಿ ಸೈಡಿಗೆ ಹಾಕಿ ಓದ್ತೀನಿ ಕಣೇ. ಬೆಳೀತಿದ್ದಾಳೆ ಅಂತಿರುತ್ತೆ.” ಆಮೇಲೆ ಬಹಳ ಮೆಲ್ಲಗೆ ಕೇಳಿದ: “ಹೆಂಗಿದ್ಲು? ನಾನು ನೋಡ್ಲಿಲ್ಲ.”

“ತಲೇಲಿ ಕೂದ್ಲಿತ್ತು. ಮೂಗು ನಿಂದೇ.”

ಅವನು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟ. ಅಂಥ ಅಳುವನ್ನು ನಾನು ಗಂಡಸಿನ ಬಾಯಲ್ಲಿ ಕೇಳಿರಲಿಲ್ಲ. ಪಕ್ಕದಲ್ಲಿ ಕೂತು ನಾನೂ ಅತ್ತೆ, ಆಸ್ಪತ್ರೆ ಬಿಟ್ಟಮೇಲೆ ಮೊದಲ ಸಲ. ಕೈಬೆರಳು ಹೇಗಿತ್ತು, ಬಣ್ಣ ಯಾರದು, ಒಂದೊಂದಾಗಿ ಕೇಳಿದ. ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಕುಕ್ಕರ್ ಕೂಗಿ ಕೂಗಿ ಅನ್ನ ಸೀದುಹೋಯಿತು.

ಚಿತ್ರಗಳ ಆ್ಯಪ್ ಸರಿಯಾಗಿಯೇ ಬಿಡುಗಡೆಯಾಯಿತು. ಬಸುರಿಯರ ಆ್ಯಪನ್ನು ನಾವು ತೆಗೆಯಲಿಲ್ಲ. ಸೋಮವಾರಗಳಂದು ಬೆಳಿಗ್ಗೆ ಕಾಫಿ ಹಿಡಿದು ಒಟ್ಟಿಗೆ ಓದುತ್ತಿದ್ದೆವು. ತಪ್ಪೋ ಸರಿಯೋ, ಯಾರಿಗೂ ಹೇಳಲಿಲ್ಲ. ಡಾಕ್ಟರು ಕೊಟ್ಟಿದ್ದ ಹೆರಿಗೆಯ ವಾರ ಬಂದಾಗ ಆ ಆ್ಯಪ್ ಒಂದು ಪ್ರಶ್ನೆ ಕೇಳಿತು: ನಿಮ್ಮ ಮಗು ಬಂತೇ? ಕೆಳಗೆ ಎರಡು ಗುಂಡಿ. ಬಂತು, ಇನ್ನೂ ಇಲ್ಲ.

“ಯಾವ್ದು ಒತ್ತೋದು?” ಎಂದ ಅವನು.

ನಾನು ಫೋನನ್ನು ಇಬ್ಬರ ನಡುವೆ ಇಟ್ಟೆ. ಯಾವುದನ್ನೂ ಒತ್ತದೆ, ಕಾಫಿ ಆರುವವರೆಗೂ ಹಾಗೇ ಕೂತಿದ್ದೆವು.