ಕೆಂಡಕ್ಕೆ ಬಿದ್ದ ಡೇರೆ ಗೆಡ್ಡೆ

ಇವತ್ತು ಡೇರೆ ಹೂವಿನ ಗೆಡ್ಡೆ ಕಿತ್ತು, ಮಳೆಗಾಲದವರೆಗೆ ಕೆಡದಿರಲೆಂದು ಬೂದಿಯಲ್ಲಿ ಹೊರಳಿಸುವಾಗ, ಆ ವಾಸನೆಗೇ ನಮ್ಮಮ್ಮ ನೆನಪಾದಳು ಮಕ್ಕಳೇ.

ಚಳಿ ಶುರುವಾಯಿತೆಂದರೆ ಅವಳು ಕೂತಲ್ಲಿ ಕೂರುತ್ತಿರಲಿಲ್ಲ. ಕಣ ಸಾರಿಸಬೇಕು, ಸೌದೆ ಒಟ್ಟಬೇಕು, ಕಾಡುಹಂದಿ ಅಗೆಯುವ ಮೊದಲು ತವರಿಂದ ತಂದ ಕೆಂಪು ಡೇರೆಯ ಗೆಡ್ಡೆ ಕೀಳಬೇಕು. ಆ ಬಣ್ಣ ಊರಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ.

ಒಮ್ಮೆ ಕಿತ್ತ ಗೆಡ್ಡೆಯ ಬುಟ್ಟಿಯನ್ನು ಒಲೆ ಪಕ್ಕ ಇಟ್ಟು ಕಣಕ್ಕೆ ಹೋದಳು. ಬರುವಷ್ಟರಲ್ಲಿ ಹಸಿದಿದ್ದ ಅಪ್ಪ ಗೆಣಸೆಂದುಕೊಂಡು ಎಲ್ಲವನ್ನೂ ಕೆಂಡಕ್ಕೆ ತಳ್ಳಿದ್ದರು.

“ಈ ಸಲದ ಗೆಣಸು ಯಾಕೋ ಕಹಿ ಐತೆ ಕಣೇ!”

“ಅಯ್ಯೋ, ನಮ್ಮವ್ವನ ಡೇರೆ ತಿಂದ್ಬುಟ್ರಲ್ರೀ!”

ಅಮ್ಮ ಬರಿಗೈಯಲ್ಲೇ ಕೆಂಡದಿಂದ ಎಳೆದ ಒಂದೇ ಒಂದು ಗೆಡ್ಡೆ ಮಳೆಗಾಲಕ್ಕೆ ಚಿಗುರಿತು. ನಮ್ಮಂಗಳದ ಡೇರೆಯೆಲ್ಲ ಅದರ ಸಂತಾನವೇ.

ಈಗ ಬುಟ್ಟಿಯನ್ನು ಅಟ್ಟಕ್ಕೇರಿಸಿದರೂ ಮತ್ತೆ ಮತ್ತೆ ಹತ್ತಿ ನೋಡುತ್ತಿದ್ದೇನೆ. ನಿಮ್ಮ ತಾತ ಕೆಳಗಿಂದ ಕೂಗುತ್ತಾರೆ: “ಗೆಣಸಲ್ಲ ಅಂತ ಗೊತ್ತು ಮಾರಾಯ್ತಿ, ಇಳಿದು ಬಾ!”